ಡ್ರೈವರ್ ಇಲ್ಲದ ಕಂಪ್ಯೂಟರಿನಲ್ಲೂ ಇಂಪೋರ್ಟ್ ಆಗಬೇಕು

ಲ್ಯಾಬಿನ ಉಪಕರಣಗಳನ್ನು ಕಂಪ್ಯೂಟರಿನಿಂದ ನಡೆಸುವ ಪೈಥಾನ್ ಲೈಬ್ರರಿಯೊಂದನ್ನು ನಾನು ನೋಡಿಕೊಳ್ಳುತ್ತೇನೆ. ಮಲ್ಟಿಮೀಟರ್, ಆಸಿಲೋಸ್ಕೋಪ್, ಪವರ್ ಸಪ್ಲೈ, ಒಂದೊಂದಕ್ಕೂ ಒಂದು ಕ್ಲಾಸ್. ಮೊದಲ ಸಲ ಪ್ಯಾಕೇಜ್ ಮಾಡಿದಾಗ ನನ್ನ ಕಂಪ್ಯೂಟರಿನಲ್ಲಿ ಎಲ್ಲಾ ಟೆಸ್ಟೂ ಪಾಸಾಗಿದ್ದವು. ಮರುದಿನ ಸಹೋದ್ಯೋಗಿಯೊಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಪಿಪ್‌ನಿಂದ, ಅಂದರೆ ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಕಮಾಂಡಿನಿಂದ, ಅದನ್ನು ಹಾಕಿಕೊಂಡರು. ಲೈಬ್ರರಿಯನ್ನು ಪ್ರೋಗ್ರಾಮಿಗೆ ತರುವ ಇಂಪೋರ್ಟ್ ಸಾಲಿನಲ್ಲೇ ಎರರ್: ವೀಸಾ (ಉಪಕರಣಗಳ ಜೊತೆ ಮಾತಾಡುವ ಡ್ರೈವರ್) ಸಿಗಲಿಲ್ಲ. ಪಾಪ, ಅವರ ಹತ್ತಿರ ಉಪಕರಣವೇ ಇರಲಿಲ್ಲ. ಹಳೆಯ ಅಳತೆಗಳ ಫೈಲ್ ಓದಿ ಗ್ರಾಫ್ ಹಾಕಬೇಕಿತ್ತು, ಅಷ್ಟೇ.

ತಪ್ಪು ನನ್ನದೇ. ಉಪಕರಣಗಳನ್ನು ಹುಡುಕಿಕೊಡುವ ರಿಸೋರ್ಸ್ ಮ್ಯಾನೇಜರ್ ತೆರೆಯುವ ಸಾಲನ್ನು ಫೈಲಿನ ಮೇಲ್ತುದಿಯಲ್ಲೇ ಬರೆದಿದ್ದೆ, ಇಂಪೋರ್ಟ್ ಮಾಡಿದ ಕೂಡಲೇ ಅದು ಓಡುತ್ತಿತ್ತು. ನಮ್ಮ ಲೈಬ್ರರಿ ಬಳಸುವ ಪೈವೀಸಾ ಅನ್ನುವ ಪೈಥಾನ್ ಪ್ಯಾಕೇಜ್ ತಾನಾಗಿ ಉಪಕರಣದ ಜೊತೆ ಮಾತಾಡುವುದಿಲ್ಲ. ಅದಕ್ಕೆ ಉಪಕರಣ ಕಂಪನಿಗಳು ಕೊಡುವ ವೀಸಾ ಡ್ರೈವರ್ ಬೇಕು, ಅದನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಇಲ್ಲವೇ ಪೂರ್ತಿ ಪೈಥಾನಿನಲ್ಲೇ ಬರೆದ ಪೈವೀಸಾ-ಪೈ ಬೇಕು. ಈಗ ಆ ಸಾಲು ಕನೆಕ್ಟ್ ಫಂಕ್ಷನ್ನಿನ ಒಳಗಿದೆ. ಪೈವೀಸಾ-ಪೈಯನ್ನು ಆಪ್ಷನಲ್ ಮಾಡಿದ್ದೇನೆ, ಬೇಕಾದವರು ಕೇಳಿ ಹಾಕಿಕೊಳ್ಳಬಹುದು.

ಎರಡನೆಯದು ಇನ್ನೂ ಜಾಸ್ತಿ ಕಾಡಿತು. ಉಪಕರಣಕ್ಕೆ ‘*ಐಡಿಎನ್?’ ಅಂತ ಕಳಿಸಿದರೆ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್, ಈ ನಾಲ್ಕನ್ನು ಕಾಮಾ ಹಾಕಿ ಹೇಳುತ್ತದೆ. 1987ರ ಐಇಇಇ 488.2 ಸ್ಟ್ಯಾಂಡರ್ಡ್ ಕೊಟ್ಟ ಕಮಾಂಡ್ ಇದು. ನಮ್ಮ ಲೈಬ್ರರಿ ಆ ಮಾಡೆಲ್ ಹೆಸರು ಹಿಡಿದು ಒಂದು ಯಾಮಲ್ ಫೈಲಿನಿಂದ (ಸೆಟ್ಟಿಂಗ್ ಬರೆದಿಡುವ ಟೆಕ್ಸ್ಟ್ ಫೈಲ್) ಅದರ ರೇಂಜ್ ಪಟ್ಟಿ ಎತ್ತಿಕೊಳ್ಳುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ಆ ಫೈಲೇ ಇಲ್ಲ! ಪಿಪ್ ಹಾಕುವ ಪ್ಯಾಕೇಜ್ ಫೈಲ್, ವೀಲ್, ಅಂದರೆ ಒಂದು ಜಿಪ್ ಫೈಲ್ ತಾನೇ, ಬಿಚ್ಚಿ ನೋಡಿದೆ. ಪೈಥಾನ್ ಫೈಲುಗಳೆಲ್ಲ ಇದ್ದವು, ಯಾಮಲ್ ಒಂದೂ ಇರಲಿಲ್ಲ. ಅವನ್ನು ಪ್ಯಾಕೇಜ್ ಡೇಟಾ, ಅಂದರೆ ಪ್ಯಾಕೇಜಿನ ಜೊತೆ ಹೋಗಬೇಕಾದ ಫೈಲುಗಳು ಅಂತ ನಾನು ಹೇಳಿಯೇ ಇರಲಿಲ್ಲ. ಟೆಸ್ಟುಗಳು ಸೋರ್ಸ್ ಫೋಲ್ಡರಿನಿಂದಲೇ ಓಡುತ್ತಿದ್ದವು. ಅಲ್ಲಿ ಫೈಲ್ ಇದ್ದೇ ಇರುತ್ತದೆ, ಅಲ್ವಾ?

ಈಗ ಪ್ರತಿ ರಿಲೀಸಿಗೂ ಮುಂಚೆ ಖಾಲಿ ವರ್ಚುವಲ್ ಎನ್ವಿರಾನ್ಮೆಂಟಿನಲ್ಲಿ (ಪ್ರತ್ಯೇಕ ಪೈಥಾನ್ ಜಾಗ) ವೀಲನ್ನೇ ಹಾಕಿ, ಬೇರೆ ಫೋಲ್ಡರಿಗೆ ಹೋಗಿ ಟೆಸ್ಟ್ ಓಡಿಸುತ್ತೇನೆ. ಉಪಕರಣದ ಜಾಗದಲ್ಲಿ, ಉಪಕರಣದಂತೆ ನಟಿಸುವ ಪೈವೀಸಾ-ಸಿಮ್ ಉತ್ತರ ಕೊಡುತ್ತದೆ.

ಪಿಪ್‌ನಿಂದ ಆಗದ ಕೆಲಸ ಇನ್ನೊಂದಿದೆ. ಲಿನಕ್ಸ್‌ನಲ್ಲಿ ಯುಎಸ್‌ಬಿ ಉಪಕರಣ ತೆರೆಯಲು ಸಾಮಾನ್ಯ ಬಳಕೆದಾರರಿಗೆ ಎಷ್ಟೋ ಸಲ ಅನುಮತಿ ಇರುವುದಿಲ್ಲ, ಆ ಅನುಮತಿ ಕೊಡುವ ಯುಡೆವ್ ರೂಲ್ ಬರೆಯಬೇಕು. ಅದನ್ನು ರೀಡ್‌ಮಿಯಲ್ಲಿ ಹಾಕಿದ್ದೆ, ಯಾರೂ ಅಲ್ಲಿಯವರೆಗೆ ಓದುತ್ತಿರಲಿಲ್ಲ. ಈಗ ಅನುಮತಿ ಸಿಗದಿದ್ದರೆ ಬರುವ ಎರರ್ ಮೆಸೇಜಿನಲ್ಲೇ ಆ ರೂಲ್ ಪೂರ್ತಿ ಇರುತ್ತದೆ, ಕಾಪಿ ಮಾಡಿಕೊಂಡರೆ ಸಾಕು.