ಪ್ರತಿ ಸಾಲಿನ ಕೊನೆಗೂ ‘ಓನ್ಲಿ’

ಮಾರ್ಚ್ ಕೊನೆಯ ವಾರ. ಇನ್‌ಕ್ರಿಮೆಂಟ್ ಪಟ್ಟಿ ಎಂಡಿಯವರ ಸಹಿಗೆ ಕಾಯುತ್ತಿತ್ತು. ಪೇರೋಲ್‌ಗೆ ಬೇರೆ ಫೋಲ್ಡರ್ ಕೊಡಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದೆ. ‘ಮುಂದಿನ ತಿಂಗಳು ನೋಡೋಣ’ ಎಂಬುದೊಂದೇ ಉತ್ತರ. ಪಟ್ಟಿಯನ್ನು ಎಲ್ಲರೂ ತೆರೆಯಬಹುದಾದ ಶೇರ್ಡ್ ಡ್ರೈವ್‌ನಲ್ಲೇ ಇಟ್ಟೆ.

ಯಾರಿಗೂ ಓದಲಾಗದಿರಲಿ ಎಂದು ಒಂದು ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ಓಡುವ ಸಣ್ಣ ಪ್ರೋಗ್ರಾಂ, ಬರೆದಿದ್ದೆ. ಇಂಗ್ಲಿಷಿನ ಪ್ರತಿ ಅಕ್ಷರಕ್ಕೂ ಬದಲಾಗಿ ಗೊತ್ತುಪಡಿಸಿದ ಇನ್ನೊಂದು ಅಕ್ಷರ. 26 ಅಕ್ಷರಗಳನ್ನು ಹೀಗೆ ಅದಲುಬದಲು ಮಾಡುವ ಬಗೆಗಳೆಷ್ಟು ಎಂದು ಲೆಕ್ಕ ಹಾಕಿದರೆ 27 ಅಂಕಿಗಳ ಸಂಖ್ಯೆ ಬರುತ್ತದೆ. ಅಷ್ಟನ್ನೂ ಯಾರು ತಡಕಾಡಿಯಾರು ಎಂದು ನಂಬಿದೆ. ಅಂಕಿಗಳು ಕಣ್ಣಿಗೆ ಬೀಳುತ್ತವೆಂದು ಅವನ್ನು ತೆಗೆದು, ಮೊತ್ತವನ್ನು ಚೆಕ್ಕಿನಲ್ಲಿ ಬರೆಯುವಂತೆ ಪದಗಳಲ್ಲಿ ಬರೆದೆ. ಎಡವಿದ್ದು ಅಲ್ಲೇ.

ಮೂರನೆಯ ದಿನ ಊಟದ ಬಿಡುವಿನಲ್ಲಿ ಸ್ಟೋರ್ಸ್‌ನ ಹಿರಿಯರೊಬ್ಬರು ಬಂದರು. ಪತ್ರಿಕೆಯ ಪದಬಂಧವನ್ನು ಒಂದು ದಿನವೂ ಬಿಡದವರು. ಹಳೆಯ ಜಿಆರ್‌ಎನ್ (ಸರಕು ಬಂದದ್ದಕ್ಕೆ ಬರೆಯುವ ರಸೀದಿ) ಹಾಳೆಯೊಂದನ್ನು ಮಡಿಕೆ ಬಿಡಿಸಿ ನನ್ನ ಮುಂದಿಟ್ಟರು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಎರಡು ಸಾಲು.

“ಮೇಡಂ, ಮೇಲಿನದು ನನ್ನ ಸಂಬಳ ಅಲ್ಲವೇ?”

ಕೈ ತಣ್ಣಗಾಯಿತು. ಅದು ಹಳೆಯ ಪಟ್ಟಿ ಎಂದುಬಿಡಲೇ ಅನ್ನಿಸಿತು. ಅವರ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ಹೇಗೆ ಓದಿದಿರಿ ಎಂದು ಕೇಳಿದೆ.

ಎಲ್ಲ ಮೊತ್ತವೂ ಆರಕ್ಷರದ ಒಂದೇ ಪದದಿಂದ ಶುರುವಾಗುತ್ತಿತ್ತು. ಅದರ ನಾಲ್ಕನೆಯ, ಐದನೆಯ ಅಕ್ಷರ ಒಂದೇ. ರುಪೀಸ್. ಕೊನೆಯಲ್ಲಿ ಸದಾ ನಾಲ್ಕಕ್ಷರ: ಓನ್ಲಿ. ನಡುವೆ ಮತ್ತೆ ಮತ್ತೆ ಬರುವ ಎಂಟಕ್ಷರದ ಪದ ಥೌಸಂಡ್ ಅಲ್ಲದೆ ಇನ್ನೇನು? ಈ ಮೂರು ಪದಗಳಿಂದಲೇ 13 ಅಕ್ಷರ, ಅಂದರೆ ಅರ್ಧ ವರ್ಣಮಾಲೆ, ಅವರ ಕೈಸೇರಿತ್ತು. 9ನೇ ಶತಮಾನದಲ್ಲೇ ಬಾಗ್ದಾದಿನ ಅಲ್ ಕಿಂದಿ, ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಇಂಥ ಗೂಢಲಿಪಿಯನ್ನು ಒಡೆಯುವ ದಾರಿ ಬರೆದಿಟ್ಟಿದ್ದ. ಇವರಿಗೆ ಎಣಿಸುವ ಶ್ರಮವೂ ಬೇಕಾಗಲಿಲ್ಲ. ಅಕ್ಷರ ಬದಲಿಸಿದರೂ ಪದದ ಉದ್ದ, ನಡುವಿನ ಜಾಗ, ಜೋಡಿ ಅಕ್ಷರ ಯಾವುದೂ ಬದಲಾಗುವುದಿಲ್ಲ. ಆ 27 ಅಂಕಿಗಳ ಸಂಖ್ಯೆಯಿಂದ ನನಗೆ ಯಾವ ಕಾವಲೂ ಸಿಗಲಿಲ್ಲ.

ಎರಡನೆಯ ಸಾಲು ಕಳೆದ ವರ್ಷ ಸೇರಿದ ಹುಡುಗನದು. ಮೊತ್ತ ಇವರಿಗಿಂತ ಹೆಚ್ಚು. “ಹತ್ತೊಂಬತ್ತು ವರ್ಷವಾಯಿತು ಮೇಡಂ” ಎಂದಷ್ಟೇ ಹೇಳಿ ಎದ್ದುಹೋದರು.

ಸಂಜೆಯೇ ಕಡತವನ್ನು ತೆಗೆದು, ಪಾಸ್‌ವರ್ಡ್ ಇಲ್ಲದೆ ತೆರೆಯದಂತೆ ಎಕ್ಸೆಲ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿದೆ. ಆ ಸೌಲಭ್ಯ ಮೆನುವಿನಲ್ಲೇ ಇತ್ತು. ನಾನು ಎರಡು ರಾತ್ರಿ ಕೂತು ಮ್ಯಾಕ್ರೋ ಬರೆದಿದ್ದೆ. ನಡೆದದ್ದನ್ನು ಮ್ಯಾನೇಜರಿಗೂ ತಿಳಿಸಿದೆ. ಪೇರೋಲ್ ಫೋಲ್ಡರ್ ಮರುದಿನವೇ ಸಿಕ್ಕಿತು. ಆ ಹಿರಿಯರ ಸಂಬಳ ಸರಿಪಡಿಸಬೇಕೆಂದು ಅದರ ಜೊತೆಗೇ ಬರೆದುಕೊಟ್ಟ ಟಿಪ್ಪಣಿಗೆ ಇನ್ನೂ ಸಹಿ ಬಿದ್ದಿಲ್ಲ.