ಟಿಲ್ಲರ್ ಹಿಂದೆ ಕಟ್ಟುವ ಪೆಟ್ಟಿಗೆ

ಅಡಿಕೆ ಡ್ರೈಯರಿಗೆ ಈ ಸಲ ಸೌದೆ ಇಲ್ಲ, ಪೆಲೆಟ್, ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಉರುವಲು ಕಾಳು. ಚೀಲ ಹೊರಲು ಆಳು ಸಿಗುವುದು ಕಷ್ಟ. ಹಾಗಾಗಿ ಸಡಿಲವಾಗಿಯೇ ಸುರಿದು ತರಲು ಮನೆಯ ಅಂಗಳದಲ್ಲೇ ಟ್ರೈಲರ್ ಕಟ್ಟುತ್ತಿದ್ದೇನೆ. ಹಳೆಯ ಜೀಪಿನ ಆಕ್ಸಲ್, ಗುಜರಿಯಿಂದ ಆರಿಸಿದ ಆಂಗಲ್, ತಗಡು. ವೆಲ್ಡಿಂಗ್ ಮಾತ್ರ ತೀರ್ಥಹಳ್ಳಿಯಿಂದ ಬಂದ ಅಣ್ಣನದು.

ಒಂದು ಘನ ಮೀಟರ್ ಪೆಲೆಟ್ ಸುಮಾರು 650 ಕೆ.ಜಿ. ತೂಗುತ್ತದೆ. ಟನ್ ಹಿಡಿಯಬೇಕೆಂದರೆ ಒಂದೂವರೆ ಘನ ಮೀಟರಿಗಿಂತ ತುಸು ದೊಡ್ಡ ಪೆಟ್ಟಿಗೆ ಬೇಕು. ತಲೆಬಿಸಿಯಾಗಿದ್ದು ತಳದ ಇಳಿಜಾರು. ಕಡಿಮೆ ಓರೆ ಇಟ್ಟರೆ ಕಾಳುಗಳು ಮೂಲೆಯಲ್ಲಿ ಹಠ ಹಿಡಿದು ಕೂರುತ್ತವೆ. 45 ಡಿಗ್ರಿ ಕೊಟ್ಟರೆ ಬಾಗಿಲು ಎತ್ತಿದೊಡನೆ ಸರಸರನೆ ಇಳಿಯುತ್ತವೆ, ಆದರೆ ಪೆಟ್ಟಿಗೆ ಎತ್ತರವಾಗಿ ಘಾಟಿಯ ತಿರುವಿನಲ್ಲಿ ವಾಲುವ ಭಯ. ಕೊನೆಗೆ ಅಗಲ ಹೆಚ್ಚಿಸಿದೆವು. ಆಕ್ಸಲ್ ನಡುಮಧ್ಯಕ್ಕಿಂತ ತುಸು ಹಿಂದೆ, ಟಿಲ್ಲರಿಗೆ ಕಟ್ಟುವ ಮೂಕಿಯ ಮೇಲೆ ಒಂದಿಷ್ಟು ಭಾರ ಬೀಳಲೇಬೇಕು. ಇಲ್ಲದಿದ್ದರೆ ಟ್ರೈಲರ್ ಬಾಲ ಆಡಿಸುತ್ತದೆ.

ಮುಚ್ಚಳ ಬೇರೆ. ನೀರು ತಾಗಿದರೆ ಪೆಲೆಟ್ ಉಬ್ಬಿ ಮತ್ತೆ ಮರದ ಹೊಟ್ಟೇ ಆಗುತ್ತದೆ. ನಮ್ಮ ಕಡೆಯ ಮಳೆ ಅಡಿಕೆ ಕೊಯ್ಲಿನವರೆಗೂ ಬಾಲ ಬಿಡುವುದಿಲ್ಲ.

‘ಕಾಡಿನ ನಡುವೆ ಇದ್ದುಕೊಂಡು ಉರುವಲಿಗೆ ದುಡ್ಡು ಕೊಡುವುದೇ?’ ಎಂದು ಅಮ್ಮನ ಆಕ್ಷೇಪ. ಅಜ್ಜನ ಕಾಲದಲ್ಲಿ ಇದನ್ನು ಹೇಳಿದ್ದರೆ ಖಂಡಿತ ನಗುತ್ತಿದ್ದರು. ಆದರೆ ಸೌದೆ ಒಡೆಯುವ ಕೈಗಳೆಲ್ಲ ಈಗ ಬೆಂಗಳೂರಿನಲ್ಲಿವೆ.

ಬಣ್ಣ ಹೊಡೆಯುವ ಮೊದಲೇ ಪಕ್ಕದ ಮನೆಯ ಮಾವ ಗೊಬ್ಬರ ಸಾಗಿಸಲು ಕೇಳಿದ್ದಾರೆ. ಕೊಡುವುದಿಲ್ಲ.