ಚಿತ್ರಶಾಲೆಯ ಗೋಡೆಬರಹ ತಿದ್ದುವ ಕೆಲಸ

ಚಿತ್ರಶಾಲೆಗೆ ಸ್ವಯಂಸೇವಕರಾಗಿ ಹೋದವರಿಗೆ ಹೆಚ್ಚಾಗಿ ಬಂದವರನ್ನು ಸುತ್ತಾಡಿಸುವ ಕೆಲಸ ಸಿಗುತ್ತದೆ. ಕನ್ನಡ ಚೆನ್ನಾಗಿ ಬಲ್ಲವರು ಚಿತ್ರಗಳ ವಿವರದ ಫಲಕಗಳ ಕರಡು ತಿದ್ದುವ ಕೆಲಸವನ್ನು ಕೇಳಿ ಪಡೆಯಬೇಕು. ಚಿತ್ರದ ಪಕ್ಕದ ಪುಟ್ಟ ಫಲಕದಲ್ಲಿ ಇಂಗ್ಲಿಷ್ ಭಾಗವನ್ನು ನಾಲ್ಕಾರು ಜನ ಓದಿರುತ್ತಾರೆ. ಕನ್ನಡ ಭಾಗವನ್ನು ಅನುವಾದಕರ ಕೈ ದಾಟಿದ ಮೇಲೆ ಯಾರೂ ಓದಿರುವುದಿಲ್ಲ. ಆಮೇಲೆ ಅದು ಡಿಸೈನರ್ ಹತ್ತಿರ ಹೋಗುತ್ತದೆ, ಅಲ್ಲಿಂದ ಪ್ರಿಂಟಿಂಗ್‌ಗೆ. ಕೆಟ್ಟ ತಪ್ಪುಗಳು ಹುಟ್ಟುವುದು ಈ ದಾರಿಯಲ್ಲೇ.

ಮೊದಲ ಓದನ್ನು ಸಂಗ್ರಹದ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಮಾಡಿ. ಆಗ ಕಾಗುಣಿತದ ಗೊಡವೆ ಬೇಡ. ಹೆಸರು, ಇಸವಿ, ಮಾಧ್ಯಮ, ಅಳತೆ, ದಾನಿ, ಸಂಗ್ರಹ ಸಂಖ್ಯೆ ಇಷ್ಟನ್ನೇ ನೋಡಿ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. 76.2 × 50.8 ಸೆಂ.ಮೀ. ಎಂದರೆ ನಿಂತ ಚಿತ್ರ. ಫೋಟೊದಲ್ಲಿ ಅಡ್ಡಲಾಗಿದ್ದರೆ ಅಂಕಿಗಳು ಅದಲುಬದಲಾಗಿವೆ. ಇಂಗ್ಲಿಷಿನಲ್ಲಿ ‘1800ರ ದಶಕಗಳು’ ಎಂಬ ಅರ್ಥದಲ್ಲಿ ಬರೆದದ್ದು ಕನ್ನಡಕ್ಕೆ ‘18ನೇ ಶತಮಾನ’ ಎಂದು ಬಂದುಬಿಡುತ್ತದೆ. ಆಗಬೇಕಾದದ್ದು 19ನೇ ಶತಮಾನ. ‘ಸುಮಾರು’ ಎಂಬುದು ಬಿಟ್ಟುಹೋಗಿದೆಯೇ ಎಂದೂ ನೋಡಿ. ಅದು ಬಿದ್ದುಹೋದರೆ ಅಂದಾಜಿನ ಇಸವಿ ಖಚಿತ ಇಸವಿಯಾಗುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಣ್ಣಿನ ಚಿತ್ರವನ್ನೇ ತೆಗೆದುಕೊಳ್ಳಿ. ಎಷ್ಟೋ ಜನ ಅದನ್ನು ರವಿವರ್ಮನ ತೈಲಚಿತ್ರ ಎಂದೇ ನಂಬಿದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1940ರ ದಶಕದ್ದು, ಜಲವರ್ಣದ್ದು, ಬರೆದವರು ಎಸ್. ಎಲ್. ಹಳದಣಕರ್. ಅವರು ಮರಾಠಿಯವರು, ಮರಾಠಿಯಲ್ಲಿ ಆ ಹೆಸರಿಗೆ ‘ಳ’ ಮತ್ತು ‘ಣ’ ಎರಡೂ ಇವೆ. ಇಂಗ್ಲಿಷ್ ನೋಡಿ ಬರೆದರೆ ‘ಹಲ್ದಂಕರ್’ ಆಗುತ್ತದೆ. ಆದ್ದರಿಂದ ಹೆಸರನ್ನು ಆ ಕಲಾವಿದರ ಭಾಷೆಯಲ್ಲೇ ಹುಡುಕಿ ಬರೆಯಬೇಕು.

ಎರಡನೇ ಓದು ಭಾಷೆಗಾಗಿ. ಯಂತ್ರಾನುವಾದ ಬಂದ ಮೇಲೆ ಇಲ್ಲಿ ಕೆಲಸ ಹೆಚ್ಚಿದೆ. ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರು (1886–1965) ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡಿದ್ದು ರಿಲೀಫ್, ಅಂದರೆ ಉಬ್ಬುಶಿಲ್ಪ. ಯಂತ್ರ ಅದನ್ನು ‘ಪರಿಹಾರ’ ಎನ್ನುತ್ತದೆ. ಅವರು ಕಲ್ಕತ್ತೆಯಲ್ಲಿ ಚಿತ್ರಕಾರ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತವರು. ಆ ಪರಂಪರೆಯ ‘ವಾಶ್’ ವಿಧಾನ ‘ತೊಳೆಯುವಿಕೆ’ ಆಗುತ್ತದೆ. ‘ವಾಶ್’ ಎಂದೇ ಇಟ್ಟು, ತೆಳು ಬಣ್ಣದ ನೀರನ್ನು ಪದರ ಪದರವಾಗಿ ಹರಡುವುದು ಎಂದು ಒಂದು ಸಾಲು ಸೇರಿಸಿದರೆ ಓದುಗರಿಗೆ ಚಿತ್ರದಲ್ಲಿ ಏನು ನೋಡಬೇಕೆಂದು ತಿಳಿಯುತ್ತದೆ. ‘ಮೈಸೂರು ಸ್ಕೂಲ್’ ಎಂಬುದು ಶಾಲೆಯಲ್ಲ, ಶೈಲಿ. ಹಣ್ಣು, ಹೂಜಿಗಳ ‘ಸ್ಟಿಲ್ ಲೈಫ್’ ಚಿತ್ರಕ್ಕೆ ‘ಸ್ತಬ್ಧಚಿತ್ರ’ ಎಂದು ಬರೆದರೆ ನಮ್ಮವರಿಗೆ ದಸರಾ ಮೆರವಣಿಗೆ ನೆನಪಾಗುತ್ತದೆ, ‘ವಸ್ತುಚಿತ್ರ’ ವಾಸಿ. ಕಂಚು, ಹಿತ್ತಾಳೆ ಅದಲುಬದಲಾಗುವುದೂ ಉಂಟು. ಅನುಮಾನ ಬಂದರೆ ನೀವೇ ತಿದ್ದಬೇಡಿ. ಅಂಚಿನಲ್ಲಿ ಪ್ರಶ್ನೆ ಬರೆದು, ಸಂಗ್ರಹದ ಹೊಣೆ ಹೊತ್ತ ಕ್ಯುರೇಟರ್‌ಗೆ ಕಳಿಸಿ. ಸಂಗತಿಯ ವಿಷಯದಲ್ಲಿ ಕೊನೆಯ ಮಾತು ಅವರದು.

ಇನ್ನು ಫೈಲಿನ ಒಳಗಿನ ತಪ್ಪುಗಳು. ಕಣ್ಣಿಗೆ ಕಾಣದವು ಇವೇ. ‘ಸುಂದರ’ ಎಂದು ಬರೆಯುವಲ್ಲಿ ಸೊನ್ನೆಗೆ ಕನ್ನಡದ ಅಂಕಿ ೦ ಒತ್ತಿರುತ್ತಾರೆ, ‘ವರ್ಣ’ ಎಂಬಲ್ಲಿ ಅರ್ಕಾವತ್ತಿಗೆ ಅಂಕಿ ೯ ಒತ್ತಿ ‘ವಣ೯’ ಮಾಡಿರುತ್ತಾರೆ. ಕಾಗದದ ಮೇಲೆ ಹೆಚ್ಚುಕಡಿಮೆ ಸರಿಯಾಗೇ ಕಾಣುತ್ತದೆ. ಅದೇ ಫೈಲು ವೆಬ್‌ಸೈಟಿಗೆ ಹೋದಾಗ ಹುಡುಕಿದರೆ ಸಿಗುವುದಿಲ್ಲ, ದೃಷ್ಟಿಯಿಲ್ಲದವರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ‘ಒಂಬತ್ತು’ ಎಂದು ಓದುತ್ತದೆ. ಇಸವಿಗಳೆಲ್ಲ 1, 2, 3 ಎಂದೇ ಇರುವ ಫೈಲಾದರೆ ೦ ಮತ್ತು ೯ ಎರಡನ್ನೂ ಫೈಂಡ್‌ನಲ್ಲಿ ಹಾಕಿ ನೋಡಿ, ಸಿಕ್ಕಿದ್ದೆಲ್ಲ ತಪ್ಪು. ‘ಕ್ಯಾನ್‌ವಾಸ್’ ಪದದ ನಡುವೆ ಕಾಣದ ಒಂದು ಅಕ್ಷರವಿದೆ. ಕಾಪಿ-ಪೇಸ್ಟಿನಲ್ಲಿ ಅದು ಉದುರಿದರೆ ‘ಕ್ಯಾನ್ವಾಸ್’ ಆಗುತ್ತದೆ. ನುಡಿ ತಂತ್ರಾಂಶದ ಹಳೆಯ ಫೈಲನ್ನು ಯೂನಿಕೋಡಿಗೆ, ಅಂದರೆ ಈಗ ಎಲ್ಲೆಡೆ ನಡೆಯುವ ಅಕ್ಷರಸಂಕೇತಕ್ಕೆ, ಬದಲಾಯಿಸಿದ್ದರೆ ಒತ್ತಕ್ಷರ ಇರುವ ಪ್ರತಿ ಪದವನ್ನೂ ಮತ್ತೆ ಓದಲೇಬೇಕು.

ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ, ಅಕ್ಷರಗಳನ್ನು ಸರಿಯಾಗಿ ಜೋಡಿಸುವ ‘ವರ್ಲ್ಡ್-ರೆಡಿ’ ಕಂಪೋಸರ್ ಆಯ್ಕೆ ಮಾಡಿಲ್ಲದಿದ್ದರೆ ‘ಕ್ಷೇತ್ರ’ ಎಂಬ ಪದ ಬಿಡಿಬಿಡಿಯಾಗಿ ಚೆಲ್ಲಿಕೊಳ್ಳುತ್ತದೆ. ಡಿಸೈನರ್‌ಗೆ ಕನ್ನಡ ಓದಲು ಬಾರದಿದ್ದರೆ ಅದು ಅವರಿಗೆ ಕಾಣುವುದೇ ಇಲ್ಲ. ಆದ್ದರಿಂದ ಮೂರನೇ ಓದು ಡಿಸೈನ್ ಆದ ಪಿಡಿಎಫ್ ಮೇಲೆ, ಅಕ್ಷರದ ಆಕಾರಕ್ಕೆ ಮಾತ್ರ. ಇಬ್ಬರಿದ್ದರೆ ಒಳ್ಳೆಯದು: ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪಿಡಿಎಫ್ ಮೇಲೆ ಬೆರಳಿಟ್ಟು ನೋಡುವುದು. ಸಾಲುಗಳ ನಡುವಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಿನಷ್ಟಿರಲಿ. ಇಂಗ್ಲಿಷಿನ ಅಂತರವನ್ನೇ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷ್ 20 ಪಾಯಿಂಟ್ ಇದ್ದರೆ ಕನ್ನಡಕ್ಕೆ 22ರಿಂದ 24 ಕೇಳಿ. ಜಾಗ ಸಾಲದು ಎಂದು ಅಕ್ಷರ ಕುಗ್ಗಿಸಲು ಬಂದರೆ ಒಪ್ಪಬೇಡಿ, ವಾಕ್ಯವನ್ನೇ ಚಿಕ್ಕದು ಮಾಡಿಕೊಡಿ.

ಸನ್‌ಬೋರ್ಡ್ ಎಂಬ ಹಗುರ ಹಲಗೆಯ ಮೇಲೆ ಅಚ್ಚಾಗುವ ಮೊದಲು ಒಂದು ಫಲಕವನ್ನು ನೂರಕ್ಕೆ ನೂರು ಅಳತೆಯಲ್ಲಿ ಸಾದಾ ಕಾಗದದ ಮೇಲೆ ತೆಗೆಸಿ, ಗೋಡೆಗೆ ಅಂಟಿಸಿ, ಮೂರು ಹೆಜ್ಜೆ ಹಿಂದೆ ನಿಂತು ಓದಿ. ಆ ಕೋಣೆಯ ದೀಪದಲ್ಲೇ ಓದಿ. ಜಲವರ್ಣದ ಚಿತ್ರಗಳಿರುವ ಕಡೆ ಬಣ್ಣ ಮಾಸದಿರಲಿ ಎಂದು ಬೆಳಕನ್ನು ಸುಮಾರು 50 ಲಕ್ಸ್‌ಗೆ ಇಳಿಸಿರುತ್ತಾರೆ, ಮೇಜಿನ ಮೇಲೆ ಚೆನ್ನಾಗಿ ಕಂಡ ಬೂದು ಅಕ್ಷರ ಅಲ್ಲಿ ಕಾಣುವುದಿಲ್ಲ.